ಅಲ್ಲಿ ಹೇಳಿದ್ದು ಇಲ್ಲಿ ಕೇಳಿತು

"ಏ ಬೇವರ್ಸಿ, ಒಳಗೆ ಕಾಲಿಡ್ಬೇಡ ಅಂತ ನಿಂಗೆ ಎಷ್ಟು ಸರ್ತಿ ಹೇಳೂದು? ಇನ್ನೊಮ್ಮೆ ಆ ಗ್ರೈಂಡರ್ ಮುಟ್ಟಿದ್ರೆ ಕೈ ಮುರೀತೇನೆ ನೋಡು! ಹೋಗು, ಹೊರಗೆ ಸಾಯಿ. ಪಾತ್ರೆ ತಿಕ್ಕು!"

ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಪ್ರಮೋದ ಕಿರಿಚುತ್ತಿದ್ದ. ಪ್ರಮೋದನೆಂದರೆ ಆ ಹೋಟೆಲಿನ ದೊಡ್ಡ ಅಡುಗೆಯವನು. ಬೈಸಿಕೊಳ್ಳುತ್ತಿದ್ದ ಐತ ವಯಸ್ಸಿನಲ್ಲಿ ಅವನ ಅಪ್ಪನಂಥವನು. ಬೈಗುಳ ಮುಗಿಯುವ ತನಕ ಐತ ತಲೆ ತಗ್ಗಿಸಿ ನಿಂತಿದ್ದ. ಮುಗಿದ ಮೇಲೆ ಹಿತ್ತಲಿನ ನಲ್ಲಿಯ ಬಳಿ ಕುಕ್ಕುರುಗಾಲಲ್ಲಿ ಕೂತು, ಸೀದು ಹೋದ ಸಾಂಬಾರಿನ ಪಾತ್ರೆಯನ್ನು ಎಳೆದುಕೊಂಡ.

ಇದನ್ನೆಲ್ಲ ಓಣಿಯ ಗೇಟಿನಲ್ಲಿ ನಿಂತು ನೋಡಿದವನು ಐತನ ಮಗ ಸುಕೇಶ. ಚೆನ್ನೈನಲ್ಲಿ ವಿಮಾನ ಇಳಿದವನೇ ನೇರ ನುಂಗಂಬಾಕ್ಕಂನ ಈ ಹೋಟೆಲಿಗೆ ಬಂದಿದ್ದ. ಬೆನ್ನಿಗೆ ಡ್ರಮ್ಸ್ ಕೋಲುಗಳ ಚೀಲ, ಕೈಯಲ್ಲಿ ಸಿಂಬಲ್ ಎಂಬ ಕಂಚಿನ ತಾಳಗಳ ಭಾರದ ಪೆಟ್ಟಿಗೆ. ಬೈಗುಳ ಅವನಿಗೆ ಹೊಸದೇನಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಬೈಗುಳವೆಂದರೆ ಸಾಂಬಾರಿಗೆ ಹಾಕುವ ಇಂಗು. ಆದರೆ ಅಪ್ಪ ಹೊರಗೆ ಯಾಕೆ ಕೂತಿದ್ದಾನೆ? ಇಡ್ಲಿ ಹಿಟ್ಟು ರುಬ್ಬುವ ಕೋಣೆ ಅಪ್ಪನದು. ಪ್ರಮೋದ ಮೀಸೆ ಮೂಡದ ಹುಡುಗನಾಗಿ ಈ ಹೋಟೆಲಿಗೆ ಬಂದಾಗ ಅಕ್ಕಿ ನೆನೆಹಾಕುವುದನ್ನು ಕಲಿಸಿದವನೇ ಅಪ್ಪ. ಹೋದ ಸಲ ಬಂದಾಗಲೂ ಇದೇ ಪ್ರಮೋದ "ಐತಪ್ಪಣ್ಣಾ" ಎಂದೇ ಕರೆಯುತ್ತಿದ್ದ.

"ಬಂದ್ಯಾ ಮಗಾ? ಊಟ ಆಯ್ತಾ?" ಐತ ಕೂತಲ್ಲಿಂದಲೇ ಕೇಳಿದ.

"ಊಟ ಸಾಯ್ಲಿ. ನೀನ್ಯಾಕೆ ಹೊರಗೆ ಕೂತದ್ದು?"

"ಎಂತ ಇಲ್ಲ. ಗ್ರೈಂಡರ್ ಒಣಗಿ ತಿರುಗ್ತಾ ಇತ್ತು. ನೀರು ಬಿಡ್ಲಿಕ್ಕೆ ಒಳಗೆ ಹೋದೆ. ಮರ್ತುಹೋಯ್ತು ನಂಗೆ."

"ಎಂತ ಮರ್ತದ್ದು?"

ಐತ ಪಾತ್ರೆಗೆ ಇನ್ನಷ್ಟು ನೀರು ಸುರಿದ. ತೆಂಗಿನ ನಾರಿನಿಂದ ಪಾತ್ರೆಯ ತಳ ಉಜ್ಜುತ್ತಲೇ ಇದ್ದ.

ಐತ ಮರೆತದ್ದು ತನ್ನ ಜಾತಿಯನ್ನು. ಅವನು ಕೊರಗ. ಕರಾವಳಿಯವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗೆ ಬಿಡಿಸಿ ಹೇಳಬೇಕು: ಊರವರ ಕಂಬಳದ ಕೋಣಗಳ ಓಟಕ್ಕೆ ಡೋಲು ಬಡಿಯಬೇಕು, ಸತ್ತ ದನ ಎಳೆಯಬೇಕು, ಮದುವೆ ಮನೆಯ ಎಂಜಲೆಲೆ ಹೆಕ್ಕಬೇಕು, ಅಂಗಳದಾಚೆ ನಿಂತು ಕೂಗಿ ಕರೆಯಬೇಕು. ಐತ ಹರೆಯದಲ್ಲಿಯೇ ಇದಕ್ಕೆಲ್ಲ ಬೆನ್ನು ಹಾಕಿ ಮದರಾಸಿನ ಬಸ್ಸು ಹತ್ತಿದ. ಹೋಟೆಲಿನ ಧಣಿ ಸತ್ಯನಾರಾಯಣ ರಾಯರು ಹೆಸರು ಕೇಳಿದಾಗ "ಐತಪ್ಪ" ಎಂದ. "ಯಾವ ಪೈಕಿ?" ಎಂದಾಗ "ತೋಟದ ಕೆಲಸದವರು ಧಣಿ" ಎಂದ. ರಾಯರಿಗೆ ಆಳು ಬೇಕಿತ್ತು, ಹೆಚ್ಚು ಕೆದಕಲಿಲ್ಲ. ಆ ಒಂದು ಮಾತಿನ ಮೇಲೆ ಐತ ಬದುಕು ಕಟ್ಟಿದ. ಮೀನಿನ ವಾಸನೆ ಮೈಗೆ ತಾಗದ ಹಾಗೆ ನೋಡಿಕೊಂಡ. ಹಣೆಗೆ ಗಂಧ ಇಟ್ಟ. ಊರಿಗೆ ಹೋಗುವುದನ್ನೇ ಬಿಟ್ಟ.

ಪಾತ್ರೆ ತೊಳೆಯುತ್ತ ಶುರು ಮಾಡಿದವನು ಕೊನೆಗೆ ಗ್ರೈಂಡರಿನ ಕೋಣೆಗೆ ಸೇರಿದ. ಅಲ್ಲಿ ಅವನ ಕೈಯ ಗುಣ ಗೊತ್ತಾಯಿತು. ರುಬ್ಬಿದ ಹಿಟ್ಟಿಗೆ ಉಪ್ಪನ್ನು ಕೈಯಲ್ಲೇ ಕಲಸಬೇಕು. ಆ ಕೈಯ ಬಿಸಿಗೆ ಹಿಟ್ಟು ಬೆಳಗಾಗುವಾಗ ಉಬ್ಬಿ ನಿಲ್ಲುತ್ತದೆ. ಕೆಲವರ ಕೈಗೆ ಅದು ಒಲಿಯುತ್ತದೆ, ಕೆಲವರದಕ್ಕೆ ಇಲ್ಲ. "ಐತಪ್ಪನ ಕೈ ಬಿದ್ರೆ ಇಡ್ಲಿ ಹೂವು" ಎಂದು ರಾಯರೇ ಗಿರಾಕಿಗಳೆದುರು ಹೊಗಳುತ್ತಿದ್ದರು. ಬಿಡುವಾದಾಗ ಐತ ಬಡಿಸುವವರ ಕಿಂಡಿಯಿಂದ ಇಣುಕಿ, ಜನ ತಿನ್ನುವುದನ್ನು ನೋಡುತ್ತ ನಿಲ್ಲುತ್ತಿದ್ದ. ಯಾರದೋ ಅಜ್ಜಿ ಮೊಮ್ಮಗನ ಬಾಯಿಗೆ ಇಡ್ಲಿ ಚೂರು ಇಡುವುದನ್ನು ಕಂಡರೆ ಆ ದಿನವಿಡೀ ಅವನ ಮುಖ ಅರಳಿರುತ್ತಿತ್ತು.

ಮದರಾಸಿನ ಅಂಚಿನ ಮಾಧವರಂನಲ್ಲಿ, ಹಾಲಿನ ಡೈರಿಯ ಹಿಂದಿನ ಒಂದು ಕೋಣೆಯಲ್ಲಿ ಅಪ್ಪ ಮಗ ಇಬ್ಬರೇ. ತಾಯಿ ಸುಗುಣಾ ಸುಕೇಶ ಚಿಕ್ಕವನಿದ್ದಾಗಲೇ ಜ್ವರದಲ್ಲಿ ಹೋಗಿದ್ದಳು. ಅವಳ ನೆನಪು ಬಹಳ ಕಾಡಿದ ದಿನ ಐತ ಕಿಟಕಿ ಬಾಗಿಲು ಹಾಕಿ, ಅಕ್ಕಿ ಡಬ್ಬದ ಮುಚ್ಚಳ ತೊಡೆಯ ಮೇಲಿಟ್ಟು, ಬೆರಳ ತುದಿಯಿಂದ ಡೋಲಿನ ಬಡಿತ ಬಡಿಯುತ್ತಿದ್ದ. ಹುಡುಗ ಎದುರಿಗೆ ಕೂತು ತಟ್ಟೆಯ ಮೇಲೆ ಅದನ್ನೇ ಬಡಿಯುತ್ತಿದ್ದ. "ಮೆಲ್ಲ ಮಗಾ, ಮೆಲ್ಲ. ಹೊರಗೆ ಕೇಳ್ತದೆ." ಊರ ಬಯಲಿನಲ್ಲಿ ಗುಡ್ಡದಾಚೆಗೂ ಕೇಳುವ ಬಡಿತವನ್ನು ಸುಕೇಶ ಪಿಸುಮಾತಿನಲ್ಲಿ ಕಲಿತ.

ಮುಂದೆ ಅವನು ಮದುವೆ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸಿದ. ಕೋಡಂಬಾಕ್ಕಂನ ಸಿನೆಮಾ ಸ್ಟುಡಿಯೋಗಳಲ್ಲಿ ಕಿವಿಗೆ ತಾಳದ ಟಿಕ್ ಟಿಕ್ ಕೇಳಿಸುವ ಹೆಡ್‌ಫೋನು ಸಿಕ್ಕಿಸಿಕೊಂಡು, ಯಾರದೋ ಹಾಡಿಗೆ ಬಾರಿಸಿ, ಹೆಸರಿಲ್ಲದೆ ಎದ್ದು ಬಂದ. ತಮಿಳು ಗಾಯಕರ ಹಿಂದೆ ಮಲೇಷ್ಯಾ, ಸಿಂಗಾಪುರ ಸುತ್ತಿದ. ಕೊನೆಗೆ ಹ್ಯಾಂಬರ್ಗಿನ ಒಂದು ಜಾಝ್ ತಂಡ ಅವನನ್ನು ಇಟ್ಟುಕೊಂಡಿತು. ಹೊರಗಿನವರಿಗೆ ಇದು ಬೆಳಕು, ಚಪ್ಪಾಳೆ. ಅವನಿಗೆ ಅದು ಊರೂರಲ್ಲಿ ಬೇರೆಯವರ ಡ್ರಮ್ಸಿನ ಮುಂದೆ ಕೂತು ಸ್ಟೂಲಿನ ಎತ್ತರ ಸರಿಮಾಡಿಕೊಳ್ಳುವುದು. ವಿಮಾನ ನಿಲ್ದಾಣದ ಬೆಂಚಿನಲ್ಲಿ ನಿದ್ದೆ. ಪೋಸ್ಟರಿನ ಕಟ್ಟಕಡೆಗೆ ಸಣ್ಣ ಅಕ್ಷರದ ಹೆಸರು. ಅಪ್ಪನ ಬಡಿತವನ್ನು ಒಮ್ಮೆ ಅಭ್ಯಾಸದಲ್ಲಿ ನುಡಿಸಿದ. ತಂಡದ ಯಜಮಾನ, ಸ್ಯಾಕ್ಸೋಫೋನಿನ ಮುದುಕ, ಕೂಡಲೇ ಅದನ್ನು ಆಲ್ಬಮ್ಮಿಗೆ ಹಾಕಿಕೊಂಡ. ಆಲ್ಬಮ್ಮಿನ ಹಿಂದೆ ಆ ಬಡಿತದ ಪಕ್ಕ ಮುದುಕನ ಹೆಸರಿತ್ತು. ಕೆಳಗೆ 'ಸಾಂಪ್ರದಾಯಿಕ' ಎಂದಿತ್ತು.

ಆ ಉರಿ ಒಳಗೇ ಇತ್ತು. ಲಿಸ್ಬನ್‌ನ ಸಭಾಂಗಣದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಯಾವುದೋ ಹುಡುಗಿ ಕ್ಯಾಮೆರಾ ಹಿಡಿದು ಕೇಳಿದಳು, ಈ ತಾಳ ಎಲ್ಲಿಯದು? ಸುಕೇಶ ಎದೆಯುಬ್ಬಿಸಿ ಹೇಳಿಬಿಟ್ಟ. ಇದು ಸಂಪ್ರದಾಯವಲ್ಲ, ನನ್ನಪ್ಪನದು. ಅವನ ಹೆಸರು ಐತ. ನಾವು ಕೊರಗರು. ಚೆನ್ನೈನಲ್ಲಿ ಅವನು ರುಬ್ಬಿದ ಇಡ್ಲಿ ತಿಂದು ಒಂದು ಊರೇ ಬದುಕಿದೆ. ಅಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ದೇಶದಲ್ಲಿ ಆ ಮಾತು ಪದಕ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದು ಅವನಿಗೆ ಹೊಳೆಯಲೇ ಇಲ್ಲ. ಬಣ್ಣ ಹೋಗುವುದು ತನ್ನದಲ್ಲ, ಕಿಟಕಿ ಹಾಕಿ ಬಾರಿಸುತ್ತಿದ್ದ ಮನುಷ್ಯನದು ಎಂಬುದಂತೂ ಹೊಳೆಯುವ ಮಾತೇ ಇರಲಿಲ್ಲ.

"ಓ ಸುಕೇಶ್! ಬನ್ನಿ ಬನ್ನಿ, ಮುಂದಿನಿಂದ ಬರೂದಲ್ವಾ ಮಾರಾಯ್ರೆ! ಹಿತ್ತಲಲ್ಲಿ ಎಂತಕ್ಕೆ ನಿಂತದ್ದು?"

ಸತ್ಯನಾರಾಯಣ ರಾಯರೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಏಸಿ ಹಾಲ್‌ನಲ್ಲಿ ಕೂರಿಸಿದರು. ಪಕ್ಕದ ಮೇಜಿನವರಿಗೆ, "ನಮ್ಮ ಹೋಟೆಲಿನ ಹುಡುಗ. ಈಗ ಲಂಡನ್, ಜರ್ಮನಿ ಎಲ್ಲ ಇವರದ್ದೇ" ಎಂದು ಪರಿಚಯ ಮಾಡಿಕೊಟ್ಟರು. ಕಾಫಿ ಬಂತು. ರಾಯರಿಗೆ ಸ್ಟೀಲಿನ ಲೋಟದಲ್ಲಿ, ಸುಕೇಶನಿಗೆ ಪೇಪರ್ ಕಪ್ಪಿನಲ್ಲಿ. ಸುಕೇಶ ಸುತ್ತಲಿನ ಮೇಜುಗಳನ್ನು ನೋಡಿದ. ಎಲ್ಲ ಕಡೆ ಸ್ಟೀಲಿನ ಲೋಟಗಳೇ.

"ಹೊಸ ಕಪ್ಪು" ಎಂದರು ರಾಯರು ಅವನ ನೋಟ ಹೋದ ದಾರಿಯಲ್ಲೇ ಹೋಗಿ. "ಬಿಸಿ ಹೆಚ್ಚು ಹೊತ್ತು ನಿಲ್ತದೆ."

"ಅಪ್ಪ ಯಾಕೆ ಹೊರಗೆ ಇರೂದು?"

"ನೋಡಿ, ನಾನು ಅಂಥವನಲ್ಲ. ನಂಗೆ ಎಲ್ಲ ಒಂದೇ. ಆದ್ರೆ ನೀವು ಲಿಸ್ಬನ್‌ಲಿ ಮಾತಾಡಿದ ಆ ವಿಡಿಯೋ ಬಂತಲ್ಲ, ಅದನ್ನು ನೋಡಿ ಪ್ರಮೋದ, ಹುಡುಗ್ರು ಎಲ್ಲ ಬಿಟ್ಟು ಹೋಗ್ತೇವೆ ಅಂತ ಕೂತ್ರು. ಇಷ್ಟು ವರ್ಷ ಆ ಮನುಷ್ಯ ನಮ್ಗೆ ಸುಳ್ಳು ಹೇಳಿದ. ಬೇರೆಯವ್ರಾದ್ರೆ ಕಂಬಕ್ಕೆ ಕಟ್ಟಿ ಹೊಡೀತಿದ್ರು. ನಾನು ಒಂದು ಮಾತು ಬೈಲಿಲ್ಲ. ಕೆಲ್ಸದಿಂದ ತೆಗೀಲಿಲ್ಲ."

ಸುಕೇಶ ಕಪ್ಪನ್ನು ಮುಟ್ಟದೆ ಕೂತಿದ್ದ. ರಾಯರು ಕುರ್ಚಿ ಹತ್ತಿರ ಎಳೆದುಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ವಿಷಯ ತೆಗೆದರು. ಮಗಳು ನಂದಿತಾ ಬಸುರಿ. ಹಿಂದೆ ಎರಡು ಸಲ ನಿಲ್ಲಲಿಲ್ಲ. ದೊಡ್ಡ ಡಾಕ್ಟರಿಗೆ ತೋರಿಸಿಯಾಗಿದೆ, ದೇವರಿಗೆ ಹೇಳಿಕೊಂಡಾಗಿದೆ. ಊರಿನ ಜೋಯಿಸರು ಒಂದು ಸಣ್ಣ ಕ್ರಮ ಹೇಳಿದ್ದಾರೆ.

"ಅದಕ್ಕೆ ನಿಮ್ಮವರೇ ಬೇಕಲ್ಲ. ಮದರಾಸಿನಲ್ಲಿ ಎಲ್ಲಿ ಹುಡುಕೂದು ಅಂತ ನಮ್ಮ ಮನೆಯವಳಿಗೆ, ಅನಸೂಯಂಗೆ, ಚಿಂತೆ. ದೇವ್ರು ಮನೆ ಹಿತ್ತಲಲ್ಲೇ ಕೊಟ್ಟಿದ್ದಾನೆ. ಇವತ್ತೇ, ಊಟದ ಗಿರಾಕಿ ಮುಗಿದ ಮೇಲೆ ಒಂದು ಎಲೆ ಹಾಕೂದು, ಅಷ್ಟೇ. ಐತ ಒಪ್ಪಿದ್ದಾನೆ. ಆಮೇಲೆ ಒಂದು ಪುಣ್ಯಾಹ ಮಾಡ್ಸಿ ಪುನಃ ಗ್ರೈಂಡರಿಗೆ ಹಾಕ್ತೇನೆ. ಹುಡುಗ್ರ ಬಾಯಿ ನಾನು ಮುಚ್ಚಿಸ್ತೇನೆ."

ರಾಯರು ಹೆಸರು ಹೇಳದಿದ್ದರೂ ಆ ಕ್ರಮಕ್ಕೆ ಹೆಸರಿದೆ. ಅಜಲು. ಬಸುರಿಯ ಕೂದಲು, ಕತ್ತರಿಸಿದ ಉಗುರು ಅನ್ನಕ್ಕೆ ಕಲಸಿ ಕೊರಗನಿಗೆ ಉಣ್ಣಲು ಹಾಕುವುದು. ಅವಳ ಮೈಯ ದೋಷ ಅವನ ಹೊಟ್ಟೆಗೆ ಹೋಗುತ್ತದಂತೆ. ನಮ್ಮ ಕಡೆ ಸರಕಾರ ಕಾನೂನು ಮಾಡಿ ನಿಲ್ಲಿಸಿದ್ದು ಅದನ್ನೇ. ಚೆನ್ನೈನಲ್ಲಿ ಕೇಳುವವರು ಯಾರು? ಇಲ್ಲಿಯವರಿಗೆ ಕೊರಗ ಎಂದರೆ ಏನೆಂದೇ ಗೊತ್ತಿಲ್ಲ.

ಸುಕೇಶ ಎದ್ದು ಹಿತ್ತಲಿಗೆ ಬಂದ. ಅಪ್ಪ ಮೈ ತೊಳೆದು, ಒಗೆದ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದ.

"ಒಪ್ಪಿದ್ಯಂತೆ?"

"ಹೂಂ."

"ನಿನ್ನ ಮಂಡೆ ಸಮ ಉಂಟಾ? ಕೂದ್ಲು ತಿಂತೀಯಾ? ಉಗುರು ತಿಂತೀಯಾ?"

"ಒಂದು ತುತ್ತು. ನಿನ್ನಜ್ಜ ತಿಂದಿದ್ದಾನೆ, ಸತ್ತಿಲ್ಲ. ಬೊಬ್ಬೆ ಹಾಕ್ಬೇಡ."

"ಏಳು, ಈಗ್ಲೇ ಹೋಗುವ. ಹ್ಯಾಂಬರ್ಗಿಗೆ ಬಾ ನನ್ನೊಟ್ಟಿಗೆ. ಈ ಬೋಳಿಮಕ್ಕಳ ಹೋಟ್ಲು ಹಾಳಾಗಿ ಹೋಗ್ಲಿ."

"ಅಲ್ಲಿ ನಾನು ಎಂತ ಮಾಡೂದು? ಕಿಟಕಿ ನೋಡ್ತಾ ಕೂರೂದಾ?" ಐತನ ದನಿ ಏರಲಿಲ್ಲ. "ಇಲ್ಲಿ ಜನ ನನ್ನ ಕೈಯದ್ದು ತಿಂತಿದ್ರು ಮಗಾ. ಕೊರಗನ ಕೈಯದ್ದು. ಗೊತ್ತಿಲ್ದೆ ತಿಂದ್ರು, ಆದ್ರೂ ತಿಂದ್ರು. ಅಷ್ಟು ದೊಡ್ಡದು ಇನ್ನು ನಂಗೆ ಎಲ್ಲಿ ಸಿಗ್ತದೆ? ಒಂದು ತುತ್ತಿಗೆ ಅದು ವಾಪಸ್ ಬರ್ತದಾದ್ರೆ ಬರ್ಲಿ."

ಸುಕೇಶ ನೆಲದ ಮೇಲೆ ಅವನ ಪಕ್ಕ ಕುಸಿದು ಕೂತ. "ನಾನು ಹೆಮ್ಮೆಯಿಂದ ಹೇಳಿದ್ದು ಅಪ್ಪಾ."

"ಗೊತ್ತುಂಟು. ನೀನು ಅಲ್ಲಿ ಹೇಳಿದ್ದು. ಇಲ್ಲಿ ಕೇಳಿತು."

"ನೀನು ನೋಡಿದ್ಯಾ ಅದನ್ನು?"

"ಪ್ರಮೋದ ತೋರ್ಸಿದ. ಎಲ್ಲರ ಎದುರು ಹಿಡಿದು ತೋರ್ಸಿದ." ಐತ ಮಗನ ಕಡೆ ತಿರುಗಿದ. "ಚಂದ ಬಾರ್ಸಿದ್ದಿ. ಅಷ್ಟು ಗಟ್ಟಿ ಬಾರ್ಸೂದನ್ನು ಊರು ಬಿಟ್ಟ ಮೇಲೆ ನಾನು ಕೇಳ್ಲೇ ಇಲ್ಲ."

ಸುಕೇಶನಿಗೆ ಅಳು ತಡೆಯಲಾಗಲಿಲ್ಲ. ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮೊಣಕಾಲಿನ ನಡುವೆ ಮುಖ ಇಟ್ಟು ಹುಡುಗರ ಹಾಗೆ ಬಿಕ್ಕಿದ. ಐತ ಒದ್ದೆ ಕೈಯನ್ನು ಮಗನ ಬೆನ್ನ ಮೇಲೆ ಇಟ್ಟುಕೊಂಡು ಕೂತಿದ್ದ.

ಊಟದ ಗಿರಾಕಿಗಳು ಕರಗಿದ ಮೇಲೆ ರಾಯರ ಹೆಂಡತಿ ಅನಸೂಯಮ್ಮ ಮಹಡಿಯ ಮನೆಯಿಂದ ಇಳಿದು ಬಂದರು. ಕೈಯಲ್ಲಿ ಕುಡಿಬಾಳೆಲೆ, ಎಲೆಯ ತುಂಬ ಅನ್ನ, ಮೇಲೆ ತುಪ್ಪ. ಹಿಂದೆ ರಾಯರು. ಅವರ ಹಿಂದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಂದಿತಾ. ಅಡುಗೆಮನೆಯ ಬಾಗಿಲಲ್ಲಿ ಪ್ರಮೋದ, ಉಳಿದ ಹುಡುಗರು ಗುಂಪುಕಟ್ಟಿ ನಿಂತರು.

"ಬಾ ಐತ, ಇಲ್ಲಿ ಕೂತ್ಕೋ. ನಲ್ಲಿಯ ಹತ್ರ ಬೇಡ, ಸ್ವಲ್ಪ ಆಚೆ" ಎಂದು ಅನಸೂಯಮ್ಮ ಎಲೆಯನ್ನು ನೆಲದ ಮೇಲಿಟ್ಟು ದೂರ ಸರಿದರು. "ಊರಿನ ತುಪ್ಪ ಹಾಕಿದ್ದೇನೆ. ಹೊಟ್ಟೆ ತುಂಬ ಉಣ್ಣು."

ನಂದಿತಾ ಸುಕೇಶನನ್ನು ಕಂಡು ಮುಖ ಕೆಂಪು ಮಾಡಿಕೊಂಡಳು. "ಅಯ್ಯೋ, ನೀವು ಇಲ್ಲೇ ಇದ್ದೀರಾ? ಐ ಆಮ್ ಸೋ ಸಾರಿ. ನಾನು ನಿಮ್ಮ ದೊಡ್ಡ ಫ್ಯಾನ್, ತೆರಿಯುಮಾ, ಗೊತ್ತುಂಟಾ? ಆ ಲಿಸ್ಬನ್ ವಿಡಿಯೋ ಅಪ್ಪಂಗೆ ನಾನೇ ತೋರ್ಸಿದ್ದು. ಇದೆಲ್ಲ ನಂಗೆ ನಂಬಿಕೆ ಇಲ್ಲ. ಅಮ್ಮಂಗೋಸ್ಕರ ಅಷ್ಟೇ, ಅವ್ಳೋದಾನ್."

ನಂಬಿಕೆ ಇಲ್ಲದವಳ ಬೆರಳುಗಳ ಉಗುರುಗಳು ಈಗಷ್ಟೇ ಕತ್ತರಿಸಿದಂತಿದ್ದವು. ಸುಕೇಶ ಅವನ್ನೇ ನೋಡಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಐತ ಎಲೆಯ ಮುಂದೆ ಕೂತ. ಅವನ ಕೈ ಅನ್ನದ ಕಡೆ ಹೋಗುವ ಮೊದಲೇ ಸುಕೇಶ ಅವನೆದುರು ಕೂತು ತನ್ನ ಬಲಗೈಯನ್ನು ಎಲೆಗೆ ಇಟ್ಟ.

"ನಾನೂ ಕೊರಗನೇ. ನಾನು ತಿಂತೇನೆ."

"ಛೆ ಛೆ, ನೀವು ಬೇಡ ಸುಕೇಶ್!" ರಾಯರು ಗಾಬರಿಯಾದರು. "ನೀವು ಆರ್ಟಿಸ್ಟು. ಎದ್ದೇಳಿ, ಒಳಗೆ ಬನ್ನಿ, ಊಟ ಬಡಿಸ್ಲಿಕ್ಕೆ ಹೇಳ್ತೇನೆ."

"ಯಾಕೆ ಧಣಿ? ಲಿಸ್ಬನ್‌ಲಿ ನಾನು ಕೊರಗ, ಇಲ್ಲಿ ಆರ್ಟಿಸ್ಟಾ?"

"ಅವ ತಿಂದ್ರೂ ಆಗ್ತದೆ" ಎಂದರು ಅನಸೂಯಮ್ಮ. ಕೆಟ್ಟ ದನಿಯಲ್ಲಲ್ಲ, ಪಲ್ಯಕ್ಕೆ ಬೀನ್ಸ್ ಆದರೂ ಆಗುತ್ತದೆ ಎನ್ನುವ ದನಿಯಲ್ಲಿ. "ಯಾರಾದ್ರೆ ಎಂತ, ರಕ್ತ ಒಂದೇ ಅಲ್ವಾ? ಪ್ರಾಯದವ ಆದ್ರೆ ಮತ್ತೂ ಒಳ್ಳೇದು. ತಿನ್ನಪ್ಪ, ತಿನ್ನು. ಹೊತ್ತು ಮೀರ್ತದೆ."

ಸುಕೇಶ ತುತ್ತು ಎತ್ತಿದ. ತುಪ್ಪದಲ್ಲಿ ಅಂಟಿದ ಉದ್ದದ ಕೂದಲೊಂದು ಅನ್ನದ ಜೊತೆ ಎದ್ದು ಬಂತು. ಐತ ಮಗನ ಮಣಿಕಟ್ಟನ್ನು ಹಿಡಿದ. ರುಬ್ಬುಕಲ್ಲು ಎತ್ತಿ ಇಳಿಸಿದ ಕೈ ಅದು. ತುತ್ತು ಅಲ್ಲಿಯೇ ನಿಂತಿತು. ಒಂದೊಂದೇ ಬೆರಳು ಬಿಡಿಸಿ ಅನ್ನವನ್ನು ಎಲೆಗೆ ಬೀಳಿಸಿದ. ಮಗನ ಕೈಯನ್ನು ತನ್ನ ಅಂಗಿಯಿಂದ ಒರೆಸಿದ. ತಾನು ಉಣ್ಣಬಹುದಾಗಿದ್ದನ್ನು ಮಗ ಉಣ್ಣುವುದನ್ನು ನೋಡಲು ಅವನಿಂದ ಆಗಲಿಲ್ಲ.

ಎಲೆಯನ್ನು ಮಡಿಚಿ ಅನಸೂಯಮ್ಮನ ಕಾಲ ಬಳಿ ಇಟ್ಟ. ನಲ್ಲಿಗೆ ಹೋಗಿ ಮೊಣಕೈ ತನಕ ತಿಕ್ಕಿ ತಿಕ್ಕಿ ತೊಳೆದ. ಆಮೇಲೆ ನೇರ ಅಡುಗೆಮನೆಯ ಬಾಗಿಲಿಗೆ ನಡೆದ. ಅಲ್ಲಿ ನಿಂತಿದ್ದವರು ಏನೂ ತಿಳಿಯದೆ ದಾರಿ ಬಿಟ್ಟರು. ಎಷ್ಟೋ ವರ್ಷ ಅವನು ಬಂದರೆ ದಾರಿ ಬಿಟ್ಟೇ ಅಭ್ಯಾಸ.

ಒಳಗೆ ಎರಡು ದೊಡ್ಡ ಕೊಪ್ಪರಿಗೆಗಳಲ್ಲಿ ಆಗತಾನೆ ರುಬ್ಬಿದ ಹಿಟ್ಟಿತ್ತು, ಒಂದು ಇಡ್ಲಿಯದು, ಒಂದು ದೋಸೆಯದು. ಐತ ಇಡ್ಲಿ ಹಿಟ್ಟಿಗೆ ಬೊಗಸೆ ಉಪ್ಪು ಹಾಕಿ, ತೋಳು ಇಳಿಸಿ, ತಳದಿಂದ ಎತ್ತಿ ಎತ್ತಿ ಕಲಸತೊಡಗಿದ. ಬಾಗಿಲಲ್ಲಿ ನಿಂತ ಸುಕೇಶನಿಗೆ ಅಪ್ಪನ ಮುಖ ಕಾಣಿಸುತ್ತಿತ್ತು. ಆ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಯ್ಯೋ ರಂಡೆಮಗ್ನೇ, ಎಂತ ಮಾಡ್ತಿದ್ದಿ!" ಪ್ರಮೋದ ಓಡಿ ಬಂದು ಅವನ ಅಂಗಿ ಹಿಡಿದು ಎಳೆದ.

ಐತ ಹಿಟ್ಟು ಮೆತ್ತಿದ ಬಿಳಿ ತೋಳನ್ನು ಎತ್ತಿಕೊಂಡೇ ರಾಯರ ಕಡೆ ತಿರುಗಿದ. "ಧಣಿ, ಹಿಂದೆಯೂ ಇದೇ ಕೈ. ಈಗ ಇದನ್ನು ಬಡಿಸ್ತೀರಾ, ಚೆಲ್ತೀರಾ? ಹೇಳಿ."

ಮುಂದಿನ ಹಾಲ್‌ನಿಂದ ಸಂಜೆಯ ತಿಂಡಿಯ ಮೊದಲ ಕೂಗು ಬಂತು. ರಾಯರು ಹೆಂಡತಿಯನ್ನು ನೋಡಿದರು, ಹುಡುಗರನ್ನು ನೋಡಿದರು. ಸುಕೇಶನನ್ನು ಮಾತ್ರ ನೋಡಲಿಲ್ಲ.

"ಚೆಲ್ಲಿ" ಎಂದರು ಮೆಲ್ಲಗೆ.

ಪ್ರಮೋದ, ಇನ್ನಿಬ್ಬರು ಸೇರಿ ಕೊಪ್ಪರಿಗೆಯನ್ನು ಹಿತ್ತಲಿಗೆ ಎಳೆದು ತಂದು ಮಗುಚಿದರು. ಹಿಟ್ಟು ದಪ್ಪಗೆ, ನಿಧಾನಕ್ಕೆ, ನೆಲವಿಡೀ ಹರಡಿಕೊಂಡು ಚರಂಡಿಯ ಬಾಯಿಗೆ ಹೊರಟಿತು. ಐತ ಓಡಿಬಂದು ಚರಂಡಿಗೆ ಅಡ್ಡ ಕೂತು ಎರಡೂ ಅಂಗೈ ಒಡ್ಡಿದ. ಹಿಟ್ಟು ಬೆರಳುಗಳ ಮೇಲೆ ಹತ್ತಿ ದಾಟಿ ಹೋಯಿತು. "ನಾಳೆ ಬೆಳಿಗ್ಗೆಗೆ ಅಲ್ವಾ ಇದು" ಎಂದು ಅವನು ಯಾರಿಗೂ ಅಲ್ಲದೆ ಹೇಳಿದ. "ಮಕ್ಕಳು ತಿನ್ನೂದಲ್ವಾ." ಸುಕೇಶ ಅವನ ತೋಳು ಹಿಡಿದು ಎಬ್ಬಿಸಲು ನೋಡಿದ, ಹಿಟ್ಟಿನಲ್ಲಿ ಕೈ ಜಾರಿತು. ಜನ್ಮದಲ್ಲಿ ಅಪ್ಪ ಅಳುವುದನ್ನು ಅವನು ನೋಡಿದ್ದು ಅದೇ ಮೊದಲು.

ಎಲ್ಲ ಹರಿದು ಹೋದ ಮೇಲೆ ಐತ ತಾನಾಗಿಯೇ ಎದ್ದ. ಮೂಗು ಒರೆಸಿಕೊಂಡ.

"ಒಳಗೆ ಇನ್ನೊಂದು ಕೊಪ್ಪರಿಗೆ ಉಂಟು" ಎಂದ. "ಅದಕ್ಕೂ ಉಪ್ಪು ಹಾಕ್ಲಿಕ್ಕುಂಟು."

ಅವನು ಬಾಗಿಲ ಕಡೆ ಹೊರಟದ್ದನ್ನು ಕಂಡು ಪ್ರಮೋದ ಒಳಕ್ಕೆ ಹಾರಿ ತಗಡಿನ ಬಾಗಿಲನ್ನು ಬೀಸಿ ಎಳೆದ. ಸುಕೇಶ ಯೋಚಿಸಲಿಲ್ಲ. ಮುಂದಿನ ವಾರ ಜಪಾನಿನಲ್ಲಿ ಶುರುವಾಗುವ ತಂಡದ ದೊಡ್ಡ ಪ್ರವಾಸ, ಅದಕ್ಕೆ ಬೇಕಾದ ಬಲಗೈ, ಯಾವುದೂ ನೆನಪಿಗೆ ಬರಲಿಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಆ ಕೈಯನ್ನು ಇಟ್ಟ. ಎಲುಬಿನ ಸದ್ದು ಅವನಿಗೇ ಕೇಳಿಸಿತು. ನಂದಿತಾ ಕಿರಿಚಿದಳು. ಪ್ರಮೋದ ಒಳಗಿನಿಂದ ಮತ್ತೊಮ್ಮೆ ಎಳೆದ, ಏನು ಅಡ್ಡವಾಗಿದೆ ಎಂದು ಕಂಡವನೇ ಹಿಡಿ ಬಿಟ್ಟುಬಿಟ್ಟ.

"ಹೋಗು ಅಪ್ಪಾ" ಎಂದ ಸುಕೇಶ ಹಲ್ಲು ಕಚ್ಚಿ.

ಐತ ಮಗನ ತೋಳಿನ ಕೆಳಗೆ ಬಗ್ಗಿ ಒಳಗೆ ಹೋದ. ಸುಕೇಶ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಒಳಗೆ ಅಪ್ಪ ಉಪ್ಪಿನ ಡಬ್ಬ ಹುಡುಕುತ್ತಿದ್ದ.